ಪಕ್ಕದ ಎಲೆ

ದಪ್ಪಗಿರುವವರಿಗೆ ಊರೆಲ್ಲ ಡಾಕ್ಟರು. ಬಾಳೂರಿಗೆ ಹೋಗುವ ಜೀಪಿನ ಡ್ರೈವರ್ ಕೂಡ ನನಗೆ ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿಯಲು ಹೇಳಿದ್ದಾನೆ. ಅವನ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು ಎನ್ನುವುದು ಬೇರೆ ಮಾತು. ಹಾಗಾಗಿ ಮಂಗಳೂರಿನ ಡಾಕ್ಟರು ನನ್ನ ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ನೋಡಿ, ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಬಗ್ಗೆ ಯೋಚಿಸಿ ಎಂದಾಗ ಗಂಡನಿಗೆ ಬಿಟ್ಟು ಇನ್ನಾರಿಗೂ ಹೇಳಲಿಲ್ಲ. ಉಳಿದವರ ಲೆಕ್ಕದಲ್ಲಿ ನಾನು ಗ್ಯಾಸ್ಟ್ರಿಕ್ ತೋರಿಸಲು ಘಟ್ಟ ಇಳಿಯುತ್ತಿದ್ದೆ.

ಆಸ್ಪತ್ರೆಯ ನರ್ಸ್, "ಈ ಆಪರೇಷನ್ ಆದವರದ್ದು, ನಿಮ್ಮ ಕಡೆಯವರದ್ದೇ ಒಂದು ಗುಂಪಿದೆ, ಮಾತಾಡಿ ನೋಡಿ" ಎಂದು ನಂಬರ್ ಕೊಟ್ಟಳು. ಫೋನ್ ಎತ್ತಿದವರು ನಮ್ಮ ಮೂಡಿಗೆರೆಯ ಗ್ಯಾರೇಜಿನ ಅಕ್ಕ! ನಮ್ಮ ಜೀಪು ಕೆಟ್ಟಾಗಲೆಲ್ಲ ರಿಪೇರಿ ಮಾಡುವ ಸಾಹೇಬರ ಹೆಂಡತಿ. ಕೆಲವು ವರ್ಷಗಳ ಹಿಂದೆ ಅವರು ಇದ್ದಕ್ಕಿದ್ದಂತೆ ಸಪೂರವಾದಾಗ ಏನೋ ದೊಡ್ಡ ಕಾಯಿಲೆ ಎಂದು ಊರು ಮಾತಾಡಿಕೊಂಡಿತ್ತು. ಈಚೆಗೆ ಅವರು ಗ್ಯಾರೇಜಿಗೆ ಇಳಿಯುವುದನ್ನೇ ಬಿಟ್ಟಿದ್ದರು.

ಭಾನುವಾರ ಗ್ಯಾರೇಜಿನ ಮೇಲಿನ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಅಕ್ಕ ಮೊದಲಿನಷ್ಟೇ ದಪ್ಪಗಿದ್ದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ವಾಪಸ್ ಬಂತು ಮಾರಾಯ್ತಿ," ಎಂದು ನಕ್ಕರು. "ಇನ್ನೊಂದ್ಸಲ ಮಾಡಿಸ್ಕಳಣ ಅಂತಿದೀನಿ. ಬಾ, ಒಳಗೆ ಬಾ."

ಇವರಿಗೇ ಹೀಗಾದರೆ ನಾನೇಕೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕು? ಒಳಗೆ ಆಪರೇಷನ್ ಆದವರಿದ್ದರು, ನನ್ನ ಹಾಗೆ ಮಾಡಿಸಲೋ ಬೇಡವೋ ಎಂದು ತೂಗಾಡುತ್ತಿರುವವರಿದ್ದರು. ಮಾಡಿಸು ಅಂತಲೂ ಬೇಡ ಅಂತಲೂ ಅಲ್ಲಿ ಯಾರೂ ಹೇಳುವಂತಿಲ್ಲ. ಕೇಳಿದರೆ ತಮ್ಮ ಅನುಭವ ಹೇಳಬೇಕು, ಅಷ್ಟೆ. ಬಿಟ್ಟಿ ಉಪದೇಶ ಕೇಳಿ ಕೇಳಿ ಸಾಕಾಗಿದ್ದ ನನಗೆ ಅದೇ ದೊಡ್ಡ ಉಪಕಾರವೆನಿಸಿತು.

ಈ ಗುಂಪಿನ ನಿಜವಾದ ಕೆಲಸ ನಡೆಯುವುದು ಮದುವೆಮನೆಗಳಲ್ಲಿ ಎಂದು ಆಮೇಲೆ ತಿಳಿಯಿತು. ಆಪರೇಷನ್ ಆದವರಿಗೆ ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ನಮ್ಮ ಕಡೆ ಬಡಿಸುವವರ ಕಿವಿಗೆ 'ಬೇಡ' ಎನ್ನುವುದು 'ಇನ್ನೂ ಹಾಕಿ' ಎಂದೇ ಕೇಳಿಸುತ್ತದೆ. ಎಲೆಯಲ್ಲಿ ಬಿಟ್ಟರೆ ಮನೆಯವರಿಗೆ ಬೇಜಾರು, ತಿಂದರೆ ಇವರಿಗೆ ವಾಂತಿ. ಅದಕ್ಕೆ ಪಂಕ್ತಿಯಲ್ಲಿ ಅಂಥವರ ಪಕ್ಕ ಆಪರೇಷನ್ ಆಗದವರೊಬ್ಬರು ಕೂರಬೇಕು. ಮುಟ್ಟುವ ಮೊದಲೇ ಆ ಎಲೆಯ ಹೋಳಿಗೆ ಈ ಎಲೆಗೆ ಸರಿಯಬೇಕು.

"ನಿನ್ನಂಥೋಳು ಒಬ್ಳು ಬೇಕಾಗಿತ್ತು ನಮ್ಗೆ," ಎಂದರು ಅಕ್ಕ. ತೂಕ ಇಳಿಸಲು ಹೋದವಳಿಗೆ ಸಿಕ್ಕಿದ ಉದ್ಯೋಗ ಇದು! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅಣ್ಣನ ಮಗಳ ಮದುವೆಯಲ್ಲಿ ನಾನು ಅಕ್ಕನ ಪಕ್ಕದ ಎಲೆಗೆ ಕೂತೆ. ಎರಡನೇ ಆಪರೇಷನ್‌ಗೆ ಮುಂಚೆ ಅವರು ಊಟವನ್ನು ಮತ್ತೆ ಹಿಡಿತಕ್ಕೆ ತರುತ್ತಿದ್ದರು. ಒಂದು ಚೂರು ಕೋಸಂಬರಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಅದು ನೀರಾಗುವವರೆಗೆ ಅಗಿದರು. ಹೊಟ್ಟೆ ಬಿರಿಯುವಂತೆ ಉಂಡದ್ದುಂಟು, ಹಾಗೆ ಒಂದು ತುತ್ತನ್ನೂ ನಾನು ಜನ್ಮದಲ್ಲಿ ತಿಂದಿರಲಿಲ್ಲ. ನನ್ನ ಎಲೆ ಮರೆತು ಅವರನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಹೋಳಿಗೆಯ ತಟ್ಟೆ ಹಿಡಿದು ಬಂದವರು ಕಳಸದಿಂದ ಬಂದಿದ್ದ ನಮ್ಮ ಅತ್ತೆ, ಅಪ್ಪನ ತಂಗಿ. ಅತ್ತೆ ಬಡಿಸಲು ನಿಂತರೆ ಎಂಥವರೂ ಸೊಂಟದ ದಾರ ಸಡಿಲಿಸಬೇಕು.

"ಸಾಕು ಅಮ್ಮ," ಎಂದರು ಅಕ್ಕ.

"ಎಂತ ಸಾಕು? ನಾಚ್ಕಬೇಡಿ, ಹಾಕ್ಸ್ಕಳಿ."

ಸಪೂರದವರು ಬೇಡ ಎಂದರೆ ಅಪರೂಪಕ್ಕಾದರೂ ನಂಬುತ್ತಾರೆ. ದಪ್ಪಗಿರುವವರು ಬೇಡ ಎಂದರೆ ಅದು ನಾಚಿಕೆಯೇ. ನಾನು ನನ್ನ ಎಲೆಯನ್ನು ಮೆಲ್ಲಗೆ ಅಕ್ಕನತ್ತ ಸರಿಸಿದೆ. ಆದರೆ ಅಕ್ಕ ನನ್ನ ಕೈ ತಡೆದು, ತಲೆಯೆತ್ತಿ, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. "ಹೊಟ್ಟೆ ಆಪರೇಷನ್ ಆಗಿದೆ ಅಮ್ಮ ನಂಗೆ. ಜಾಸ್ತಿ ತಿನ್ನಂಗಿಲ್ಲ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆಪರೇಷನ್ ಮಾಡಿಸಿನೂ ಹಿಂಗೇ ಇದೀರಲ್ಲ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಹೆದರಿದ್ದು ಇದೇ ಪ್ರಶ್ನೆಗೆ. ಕತ್ತರಿಗೆ ಅಷ್ಟು ಹೆದರಿರಲಿಲ್ಲ.

"ಹೌದಮ್ಮ," ಎಂದರು ಅಕ್ಕ, ನಿಧಾನವಾಗಿ. "ಕೆಲವು ವರ್ಷ ಚೆನ್ನಾಗಿ ಓಡಾಡ್ದೆ. ಬಾಬಾಬುಡನ್‌ಗಿರಿ ಹತ್ತಿ ಇಳ್ದೆ. ಆಮೇಲೆ ವಾಪಸ್ ಬಂತು. ಈಗ ಮತ್ತೆ ಮಾಡಿಸ್ಕಳ್ತೀನಿ. ಇವ್ಳ ಮನೆ ಜೀಪು ಎಷ್ಟು ಸಲ ಕೆಟ್ಟಿದೆ, ಅದನ್ನೇನು ಹಳ್ಳಕ್ಕೆ ದೂಡಿದಾರಾ?"

ಎದುರು ಸಾಲಿನವರೂ ಉಣ್ಣುವುದು ನಿಲ್ಲಿಸಿದ್ದರು. ಅಷ್ಟು ಜನರ ನಡುವೆ ಸೋಲನ್ನು ಎಲೆಯ ಮೇಲಿನ ಉಪ್ಪಿನಷ್ಟು ಸಹಜವಾಗಿ ಇಟ್ಟುಬಿಟ್ಟಿದ್ದರು ಅಕ್ಕ. ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ಇಂಥ ಧೈರ್ಯ ನೋಡಿರಲಿಲ್ಲ.

ಅತ್ತೆ ಒಂದು ಹೋಳಿಗೆಯನ್ನು ಮುರಿದು, ಮತ್ತೆ ಮುರಿದು, ಕಾಲು ಭಾಗವನ್ನು ಎಲೆಯ ಮೇಲಿಟ್ಟರು. "ಇಷ್ಟು ಆಗ್ಬಹುದಾ?" ಎಂದು ಕೇಳಿದರು. ಬಡಿಸುವಾಗ ಅತ್ತೆ ಯಾರನ್ನಾದರೂ ಹಾಗೆ ಕೇಳಿದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, ರೂಢಿಯಂತೆ ಎರಡು ಹೋಳಿಗೆ ಎತ್ತಿದರು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ನಂಗೂ ಅಷ್ಟೇ ಸಾಕು ಅತ್ತೆ."

"ನೀನೂನಾ?"

"ಹ್ಞೂಂ. ಮಾಡಿಸ್ಕಳ್ತೀನಿ." ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು. ಗಂಡನಿಗೂ ಇನ್ನೂ ಹೇಳದ ತೀರ್ಮಾನ ಅದು.

ಅತ್ತೆ ಮುಂದಿನ ಎಲೆಗೆ ಹೋದರು. ನಾನು ಕೈ ತೊಳೆಯುವಾಗ ಹಿಂದಿನಿಂದ ಬಂದು ತೋಳು ಹಿಡಿದರು. ಬೈಗುಳಕ್ಕೆ ತಯಾರಾಗಿ ತಿರುಗಿದೆ.

"ಹೋಗೋ ದಿನ ಮುಂಚೆ ಹೇಳು, ನಾನೂ ಬರ್ತೀನಿ," ಎಂದರು. "ಆ ಆಸ್ಪತ್ರೆಯವ್ರಿಗೆ ಗಂಜಿ ನೆಟ್ಟಗೆ ಮಾಡಕ್ಕೆ ಬರುತ್ತೋ ಇಲ್ವೋ."