ಭೀಮವ್ವನ ಕೌದಿ

ನನ್ನ ಮಗಳಿಗೆ ಎಂಟು ತಿಂಗಳಾಗಿದ್ದ ಬೇಸಿಗೆ ಅದು. ನಮ್ಮ ಯಜಮಾನರಿಗೆ ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ಕೆಲಸ. ಹೈದರಾಬಾದಿನ ಅಂಚಿನ ಬಂಡೆಗುಡ್ಡದ ಬುಡದಲ್ಲಿ ತಗಡಿನ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೆವು. ಪಕ್ಕದ ಮನೆಯಲ್ಲಿ ಯಾದಗಿರಿ ಕಡೆಯ ಭೀಮವ್ವ, ಅವಳ ಐದು ವರ್ಷದ ಮೊಮ್ಮಗಳು ರೇಣುಕಾ. ರೇಣುಕಾಳ ತಾಯಿ ತೀರಿಕೊಂಡು ವರ್ಷವಾಗಿತ್ತು. ಅವಳ ಸೀರೆಗಳನ್ನೆಲ್ಲ ಸೇರಿಸಿ ಭೀಮವ್ವ ಒಂದು ಕೌದಿ ಹೊಲಿದಿದ್ದಳು. ಸೆಖೆಯಲ್ಲೂ ಹುಡುಗಿಗೆ ಅದೇ ಹೊದಿಕೆ. ಒಗೆಯಲು ಬಿಡುತ್ತಿರಲಿಲ್ಲ, "ಅವ್ವನ ವಾಸನಿ ಹೋಗತೈತಿ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ನಮ್ಮ ಬಚ್ಚಲಲ್ಲಿ ಹಾವು ಕಂಡಿತು. ಮನೆಯ ಹಿಂದೆ ಗುಡ್ಡದವರೆಗೂ ಸೊಂಟದೆತ್ತರ ಒಣಹುಲ್ಲು. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಹೊಲದ ಬದುವಿನ ಹುಲ್ಲಿಗೆ ಬೆಂಕಿ ಇಡುವುದು ವಾಡಿಕೆ, ನಾನೂ ಎಷ್ಟೋ ಸಲ ಇಟ್ಟವಳೇ. ಅಲ್ಲಿ ಎರಡೂ ಕಡೆ ಉತ್ತ ಕಪ್ಪುಮಣ್ಣು, ಬೆಂಕಿ ಬದು ದಾಟುವುದಿಲ್ಲ. ಇಲ್ಲಿ ಹಾಗಲ್ಲ ಅನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಮಗುವನ್ನು ಒಳಗೆ ಮಲಗಿಸಿ ಬಂದು ಕಡ್ಡಿ ಗೀರಿದೆ.

ಗಾಳಿ ತಿರುಗಿತು. ನೋಡನೋಡುತ್ತಲೇ ಒಂದು ಕಡೆ ಗುಡ್ಡ ಹತ್ತಿದ ಬೆಂಕಿ, ಇನ್ನೊಂದು ಕಡೆ ನಮ್ಮ ಮನೆಗಿದ್ದ ಒಂದೇ ಬಾಗಿಲಿಗೆ ಬಂತು. ಮಗು ಒಳಗೆ, ನಾನು ಹೊರಗೆ. ಕಿರುಚಿದ್ದಷ್ಟೇ ನೆನಪು. ಹುಷಾರಿಲ್ಲದೆ ಅವತ್ತು ಮನೆಯಲ್ಲೇ ಇದ್ದ ಭೀಮವ್ವ ಓಡಿಬಂದಳು. ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿಯನ್ನೆಳೆದು ನೀರಿನ ಡ್ರಮ್ಮಿನಲ್ಲಿ ಅದ್ದಿ, ಬಾಗಿಲ ಬೆಂಕಿಯನ್ನು ಬಡಿದು ಬಡಿದು ಒಳನುಗ್ಗಿದಳು. ಮಗುವನ್ನು ಅದರಲ್ಲೇ ಸುತ್ತಿ ತಂದು ನನ್ನ ಕೈಗಿಟ್ಟಳು. ಅಷ್ಟರಲ್ಲಿ ಅವಳ ಮನೆಯೇ ಹೊತ್ತಿತ್ತು. ಮತ್ತೆ ಕೌದಿ ಅದ್ದಿಕೊಂಡು ಅತ್ತ ಓಡಿದಳು. ಅಗ್ನಿಶಾಮಕದವರು ಬರುವ ಹೊತ್ತಿಗೆ ಅವಳ ಮನೆಯೂ ಇಲ್ಲ, ಕೌದಿಯೂ ಇಲ್ಲ.

ಮಧ್ಯಾಹ್ನ ಅಂಗನವಾಡಿಯಿಂದ ಬಂದ ರೇಣುಕಾ ಮನೆಯ ಬಗ್ಗೆ ಏನೂ ಕೇಳಲಿಲ್ಲ. "ಅವ್ವನ ಕೌದಿ ಎಲ್ಲೈತಿ, ಆಯಿ?" ಅಂದಳು. ಭೀಮವ್ವ ಅವಳನ್ನು ಎಳೆದು ತಬ್ಬಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಹುಲ್ಲಿಗೆ ಬೆಂಕಿ ಹಚ್ಚಿದಾಕಿ ನಾನು, ದೊಡ್ಡವ್ವ," ಎಂದೆ.

"ಗೊತ್ತೈತಿ. ನೀ ಕಡ್ಡಿ ಕೊರಿಯೂದು ನೋಡೀನಿ. ಊರಾಗ ನಾನೂ ಹಂಗ ಮಾಡತಿದ್ದೆ. ಅದಕ್ಕ ಬ್ಯಾಡ ಅನಲಿಲ್ಲ" ಅಂದಳು.

ಬಾಗಿಲು ಸುಟ್ಟಿದ್ದು ಬಿಟ್ಟರೆ ನಮ್ಮ ಮನೆ ಉಳಿದಿತ್ತು. ಒಂದು ತಿಂಗಳು ಅವರು ನಮ್ಮ ಜೊತೆಗೇ ಇದ್ದರು. ನನ್ನ ತಾಯಿಯ ಮೆತ್ತನೆಯ ಸೀರೆಗಳನ್ನೆಲ್ಲ ಕೂಡಿಸಿ ನಾನು ರೇಣುಕಾಳಿಗೊಂದು ಕೌದಿ ಹೊಲಿದೆ. ಅವಳು ಅದನ್ನು ಮೂಗಿಗೆ ಹಿಡಿದು ಸುಮಾರು ಹೊತ್ತು ಮೂಸಿದಳು. ಆಮೇಲೆ ನೀಟಾಗಿ ಮಡಚಿ ವಾಪಸು ಕೊಟ್ಟಳು. "ಇದು ನಿಮ್ಮ ಪಾಪುಗ ಇರಲಿ ಅಕ್ಕ."

ಈಗ ನನ್ನ ಮಗಳು ಅದನ್ನೇ ಹೊದ್ದು ಮಲಗುತ್ತಾಳೆ. ಹೊದಿಸುವಾಗಲೆಲ್ಲ ಅನಿಸುತ್ತದೆ, ಆ ಹುಡುಗಿಯಿಂದ ತಾಯಿಯನ್ನು ಎರಡನೇ ಸಲ ಕಿತ್ತುಕೊಂಡವಳು ನಾನು.