ಬಲೆಗೆ ಬಿದ್ದ ಬಾತು

ಬೇರಿಕೆ ಹತ್ತಿರದ ನಮ್ಮೂರ ಕೆರೆಯಲ್ಲಿ ಅಣ್ಣ ಮೀನು ಹಿಡಿಯುತ್ತಾನೆ. ಸಂಜೆ ಬಲೆ ಕಟ್ಟಿ ಬೆಳಿಗ್ಗೆ ತೆಗೆಯುವುದು ಅವನ ಪದ್ಧತಿಯಾಗಿತ್ತು. ನಾನು ಕೆಲಸ ಮಾಡುವ ಹೊಸೂರಿನ ಫ್ಯಾಕ್ಟರಿಗೆ ರಜೆ ಇದ್ದ ದಿನ ನಾನೂ ತೆಪ್ಪ ಹತ್ತುತ್ತೇನೆ. ದೀಪಾವಳಿ ಕಳೆದ ಮೇಲೆ ಆ ಕೆರೆಗೆ ಉತ್ತರದ ಕಡೆಯಿಂದ ಬಾತುಗಳು ಬಂದಿಳಿಯುತ್ತವೆ. ಒಂದೆರಡು ಬಲೆಗೆ ಸಿಕ್ಕಿ ಸಾಯುವುದು ನಮಗೆ ಹೊಸದೇನಲ್ಲ. ಬಿಡಿಸಿ ಸಾರು ಮಾಡಿ ತಿಂದದ್ದೂ ಉಂಟು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಬಲೆ ಎಳೆದಾಗ, ಕಂದು ಬಣ್ಣದ ಹೆಣ್ಣು ಬಾತೊಂದು ಇನ್ನೂ ಉಸಿರಾಡುತ್ತಿತ್ತು. ನೂಲು ರೆಕ್ಕೆಯ ಬುಡವನ್ನು ಕೊಯ್ದಿತ್ತು. ಕಾಲಲ್ಲಿ ಲೋಹದ ಉಂಗುರ, ಅದರ ಮೇಲೆ ಅಂಕಿಗಳು.

"ಯಾರೋ ಸಾಕಿರೋದು ಕಣ್ಲಾ," ಅಂದ ಅಣ್ಣ.

"ಸಾಕಿರೋದಲ್ಲಣ್ಣ. ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ತಿಳ್ಕೊಳ್ಳಾಕೆ ಹಾಕಿರ್ತಾರೆ."

ಅಣ್ಣ ಹಿಂದೆಮುಂದೆ ನೋಡದೆ ಹೊಸ ಬಲೆಯನ್ನೇ ಚಾಕುವಿನಿಂದ ಕೊಯ್ದ. ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ನನ್ನ ಬೈಕಿನ ಹಿಂದೆ ಕೂತ. ಬಾಗಲೂರಲ್ಲಿ ಒಬ್ಬ ದನದ ಡಾಕ್ಟರು ಇದ್ದರು. ಅರ್ಧ ದಾರಿಯೂ ಆಗಿರಲಿಲ್ಲ, "ನಿಲ್ಸ್ಲಾ" ಅಂದ. ತಿರುಗಿ ನೋಡಿದರೆ ಹಕ್ಕಿಯ ಕತ್ತು ಅವನ ಮೊಣಕೈ ಮೇಲೆ ಜೋತುಬಿದ್ದಿತ್ತು.

ಉಂಗುರವನ್ನು ಫಾರೆಸ್ಟ್ ಗಾರ್ಡಿಗೆ ಕೊಟ್ಟೆವು. ತಿಂಗಳುಗಳಾದ ಮೇಲೆ ಅವರು ಫೋನ್ ಮಾಡಿ, ಅದನ್ನು ಹಿಮಾಲಯದ ಆಚೆಯ ಚಳಿದೇಶವೊಂದರಲ್ಲಿ ಆರು ವರ್ಷದ ಹಿಂದೆ ತೊಡಿಸಿದ್ದಂತೆ ಎಂದರು. ಅಣ್ಣ ಬಲೆ ಹೊಲಿಯುತ್ತಾ ಕೂತಿದ್ದ. ಹೇಳಿದೆ.

"ಆರು ಸಲ ಬೆಟ್ಟ ದಾಟಿ ಬಂದೈತಾ?"

"ಬಂದಿರ್ಬೋದು."

"ಎಲ್ಲೂ ಸಾಯ್ನಿಲ್ಲ ನೋಡ್ಲಾ. ನಾ ಕಟ್ಟಿದ್ ಬಲೇಲಿ ಸತ್ತೋಯ್ತು."

ಮುಂದಿನ ಚಳಿಗಾಲದಿಂದ ಅವನು ಸಂಜೆ ಬಲೆ ಕಟ್ಟುವುದನ್ನೇ ಬಿಟ್ಟ. ಹಗಲಲ್ಲಿ ಬೀಸುಬಲೆ ಮಾತ್ರ. ಮೀನು ಅರ್ಧಕ್ಕೂ ಕಮ್ಮಿ. ಕೆರೆಯ ಇನ್ನಿಬ್ಬರು ಬೆಸ್ತರನ್ನೂ ಕೇಳಿಕೊಂಡ. ಒಬ್ಬ ಒಪ್ಪಿದ. ಇನ್ನೊಬ್ಬ, "ಹಕ್ಕಿಗೋಸ್ಕರ ನನ್ ಮಕ್ಳು ಉಪ್ವಾಸ ಇರ್ಬೇಕೇನಣ್ಣ?" ಅಂದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಈಗ ಅಣ್ಣ ಬೆಳಕು ಹರಿಯುತ್ತಲೇ ತೆಪ್ಪ ಹಾಕಿಕೊಂಡು ಆ ಮನುಷ್ಯನ ಬಲೆಯುದ್ದಕ್ಕೂ ನೋಡಿಕೊಂಡು ಹೋಗುತ್ತಾನೆ. ಅವನೂ ಬೇಡವೆನ್ನುವುದಿಲ್ಲ. ಕಳೆದ ಚಳಿಗಾಲ ಅಣ್ಣ ನಾಲ್ಕು ಬಾತುಗಳನ್ನು ಬಿಡಿಸಿದ. ಒಂದು ಮಾತ್ರ ಹಾರಿತು. ಮಿಕ್ಕ ಮೂರನ್ನು ಕೆರೆ ಏರಿಯ ಕೆಳಗೆ ಅವನೇ ಗುಂಡಿ ತೋಡಿ ಮಣ್ಣು ಮಾಡಿದ.