ಮಲ್ಲಿಗೆಗೆ ಮಾಡಿದ ಬಾಣಂತನ

ಆಗೆಲ್ಲ ಬೆಂಗಳೂರಿಗೆ ಚಳಿ ಬಂತೆನ್ನುವುದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮಂಜು ಬಿದ್ದಷ್ಟೂ ಅವರೆಕಾಯಿಗೆ ಸೊಗಡು ಹೆಚ್ಚು. ಅವರೆಕಾಯಿ ಬುಟ್ಟಿ ಹೊತ್ತವಳು ಬೀದಿಯ ತುದಿಗೆ ಬಂದಳೆಂದರೆ ನಮಗೆ ಅಡುಗೆಮನೆಯಲ್ಲೇ ತಿಳಿಯುತ್ತಿತ್ತು. ಬಚ್ಚಲ ಒಲೆಯ ಹೊಗೆ, ಧನುರ್ಮಾಸದ ಹುಗ್ಗಿಯ ಮೆಣಸು, ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ಹೊರಬಂದ ಕಂಬಳಿ, ಎಲ್ಲ ಸೇರಿದ ವಾಸನೆ ಅದು. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದುತ್ತಲೇ ಮೂಗರಳಿಸಿರುತ್ತೀರಿ.

ನಾನು ಹೇಳಹೊರಟಿರುವುದು ಅರವತ್ತರ ದಶಕದ ಶುರುವಿನ ಒಂದು ಚಳಿಗಾಲದ ಮಾತು. ನನಗಾಗ ಒಂಬತ್ತು ವರ್ಷ. ಜಯನಗರ ಇನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ನಮ್ಮ ಬೀದಿಯಲ್ಲಿ ಏಳೇ ಮನೆ, ಹಿತ್ತಲ ಬೇಲಿ ದಾಟಿದರೆ ರಾಗಿ ಹೊಲ. ಮನೆ ಚಿಕ್ಕದು, ಹಿತ್ತಲು ದೊಡ್ಡದು. ಬಾಳೆ, ಪರಂಗಿ, ಕರಿಬೇವು, ದಾಸವಾಳ, ಚಪ್ಪರಕ್ಕೆ ಹಬ್ಬಿಸಿದ ವೀಳ್ಯದೆಲೆ, ಮತ್ತು ಬಚ್ಚಲಿನ ಪಕ್ಕದಲ್ಲಿ ಒಂದು ದುಂಡುಮಲ್ಲಿಗೆ. ಉಳಿದ ಗಿಡಗಳೆಲ್ಲ ನಮ್ಮವು. ಮಲ್ಲಿಗೆ ಮಾತ್ರ ಮುನಿಯಮ್ಮನವರದು.

ಆಗ ನಾನು ಅವರನ್ನು ‘ಮುನಿಯಮ್ಮ, ಬಾ’ ಎಂದೇ ಕರೆಯುತ್ತಿದ್ದೆ. ಅಜ್ಜಿಯ ವಯಸ್ಸಿನ ಹೆಂಗಸನ್ನು ಏಕವಚನದಲ್ಲಿ ಕರೆಯುವುದು ತಪ್ಪೆಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಈಗ ಬರೆಯುವಾಗ ಕೈ ಏಳುವುದಿಲ್ಲ. ನಮ್ಮ ಬೀದಿ ಇರುವ ಜಾಗ ಒಂದು ಕಾಲಕ್ಕೆ ಅವರ ಹೂವಿನ ತೋಟವಾಗಿತ್ತು. ಬಡಾವಣೆಗೆ ನೆಲ ಹೋದ ಮೇಲೆ ಮಗನ ಎರಡು ಕೋಣೆಯ ಮನೆಯಲ್ಲಿದ್ದರು. ನಿವೇಶನದ ಕಲ್ಲು ನೆಡಲು ಬಂದವರು ತೋಟ ಅಗೆಯುವ ಮೊದಲು, ಅವರ ಅತ್ತೆ ನೆಟ್ಟಿದ್ದ ಒಂದು ಮಲ್ಲಿಗೆ ಗಿಡವನ್ನು ಬೇರುಸಮೇತ ಎತ್ತಿ ಒಂದು ಹಳೆ ಡಬ್ಬದಲ್ಲಿ ಇಟ್ಟುಕೊಂಡಿದ್ದರಂತೆ. ನಮ್ಮ ಮನೆ ಎದ್ದು ಹಿತ್ತಲಿಗೆ ಬೇಲಿ ಬಿದ್ದ ದಿನ ಅದನ್ನು ಹೊತ್ತು ತಂದು ಅಮ್ಮನನ್ನು ಕೇಳಿದರಂತೆ.

“ಅಮ್ಮಾವ್ರೇ, ನನಗೆ ನೆಡಾಕೆ ಒಂದು ಗೇಣು ಜಾಗ ಇಲ್ಲ. ಇದು ಹುಟ್ಟಿದ ಮಣ್ಣು ಇದೇಯ. ಇಲ್ಲೇ ಬಿಟ್ಕೊಳ್ಳಿ. ಹೂವ ನೀವು ಮುಡ್ಕೊಳ್ಳಿ, ಗಿಡ ನಂದಾಗೇ ಇರ್ಲಿ.”

ಅಮ್ಮ ಒಪ್ಪಿದರು. ಅಂದಿನಿಂದ ಮುನಿಯಮ್ಮನವರು ಎರಡು ದಿನಕ್ಕೊಮ್ಮೆ ಬಂದು ಪಾತಿ ಬಿಡಿಸಿ, ಜೊತೆಗೆ ನಮ್ಮ ಗಿಡಗಳನ್ನೂ ನೋಡಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು.

ಆ ವರ್ಷ ಅವರಿಗೊಂದು ಆಸೆ ಚಿಗುರಿತ್ತು. ಸುಬ್ರಹ್ಮಣ್ಯಪುರದಲ್ಲಿದ್ದ ಅವರ ತಂಗಿ, ‘ಮನೆ ಪಕ್ಕ ನೆಲ ಸುಮ್ನೆ ಬಿದ್ದದೆ, ಬಂದು ಹೂವ ಹಾಕು’ ಎಂದು ಹೇಳಿಕಳಿಸಿದ್ದಳು. ಮಳೆ ಶುರುವಾದಾಗ ಈ ಗಿಡದ ಕೊಂಬೆಗಳನ್ನು ಬಗ್ಗಿಸಿ ಮಣ್ಣಿಗೆ ಒತ್ತಿ, ಬೇರು ಬಿಟ್ಟ ಮೇಲೆ ಕತ್ತರಿಸಿ ಒಯ್ಯುವುದು, ಮತ್ತೆ ತೋಟ ಮಾಡುವುದು. ಎಷ್ಟು ಕೊಂಬೆ ಬಗ್ಗುತ್ತವೆ ಎಂದು ನನ್ನನ್ನು ಕೂರಿಸಿಕೊಂಡು ಎಣಿಸುತ್ತಿದ್ದರು. ಹನ್ನೊಂದು. ಮುಂದಿನ ಸಲ ಬಂದಾಗ ಮತ್ತೆ ಎಣಿಸಿದರೂ ಹನ್ನೊಂದೇ.

ಅದೇ ಮಾರ್ಗಶಿರದಲ್ಲಿ, ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಸರೋಜಕ್ಕ ಹೆತ್ತಳು. ಅಕ್ಕನಿಗೂ ಮಗುವಿಗೂ ಎಣ್ಣೆ ನೀರು ಹಾಕುವ ಕೆಲಸವನ್ನು ಮುನಿಯಮ್ಮನವರೇ ವಹಿಸಿಕೊಂಡರು. ಹೆರಿಗೆಯ ಬೆನ್ನಿಗೇ ಚಳಿ ಬಂತು. ಅಂಥದ್ದನ್ನು ಈ ಊರಿನಲ್ಲಿ ತಾನು ಕಂಡೇ ಇಲ್ಲ ಎಂದು ಅಪ್ಪ ದಿನಕ್ಕೊಮ್ಮೆ ಹೇಳುತ್ತಿದ್ದರು. ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಕಲ್ಲಾಗಿ ಒಲೆಯ ಪಕ್ಕ ಕೂತಿತು. ಹಾಲು ಹೆಪ್ಪಾಗದೆ ಅಮ್ಮ ಪಾತ್ರೆಗೆ ಅಪ್ಪನ ಶಾಲು ಸುತ್ತಿದರು. ನಾವು ಮಕ್ಕಳು ಕಡ್ಡಿ ಬಾಯಿಗಿಟ್ಟು ಉಸಿರು ಬಿಟ್ಟು ಬೀಡಿ ಸೇದುವ ಆಟ ಆಡಿದೆವು. ಬಾಣಂತಿ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಹಳೆ ಬಟ್ಟೆ ತುರುಕಿದ್ದರು. ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ. ನಾನು ಇಣುಕಿದರೆ, “ಬಾಗಿಲು ಹಾಕ್ಕೊಂಡು ಒಳಗಾದ್ರೂ ಬಾ, ಹೊರಗಾದ್ರೂ ಇರು!” ಎಂದು ಅಮ್ಮ ಗದರುತ್ತಿದ್ದರು.

“ಕೆಂಡ ಯಾಕೆ ಮುನಿಯಮ್ಮ?” ಎಂದು ಕೇಳಿದೆ ಒಂದು ದಿನ.

“ಹಸೀ ಮೈಗೆ ಶೀತ ಹೊಕ್ಕಿದ್ರೆ ಬಿಡಾಕಿಲ್ಲ ಮಗಾ. ಕೆಳಗಿಂದ ಕಾವು ಕೊಟ್ರೆ ಎಂಥಾ ಶೀತಾನೂ ಓಡೋಯ್ತದೆ.”

ಅಷ್ಟೇ ಅವರು ಹೇಳಿದ್ದು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿಗೆ ಹಿತ್ತಲೇ ಕಪ್ಪಾಗಿತ್ತು. ಬಾಳೆ ಎಲೆ ಬೇಯಿಸಿದಂತೆ ಜೋತುಬಿದ್ದಿತ್ತು. ವೀಳ್ಯದೆಲೆ ಮುಟ್ಟಿದರೆ ಉದುರುತ್ತಿತ್ತು. ಪರಂಗಿಯ ತಲೆ ಕೊಳೆತಿತ್ತು. ಮಲ್ಲಿಗೆಯ ಎಲೆಗಳೂ ಕಂದಿದ್ದವು. ಅಪ್ಪನಿಗೆ ಕಚೇರಿಯ ಕಡತದ ಹಾಗೆ ಎಲ್ಲ ಚೊಕ್ಕಟವಾಗಿರಬೇಕು. ಭಾನುವಾರ ಮಚ್ಚು ಹಿಡಿದು ಹೊರಟರು. ಮುನಿಯಮ್ಮನವರು ಅಡ್ಡ ನಿಂತರು.

“ಸತ್ತಂಗೆ ಕಾಣ್ತದೆ ಸ್ವಾಮಿ, ಸತ್ತಿಲ್ಲ. ಈಗ ಕತ್ತರಿಸಿದ್ರೆ ಎಳೇ ಚಿಗುರು ಬಂದು ಅದೂ ಚಳೀಗೆ ಸಿಕ್ತದೆ. ಒಣಗಿದ ಎಲೇನೇ ಅದಕ್ಕೆ ಕಂಬಳಿ. ಶಿವರಾತ್ರಿ ಕಳೀಲಿ, ಆಮೇಲೆ ಮಚ್ಚು ಹಿಡೀರಿ.”

ಆಮೇಲೆ ಮಲ್ಲಿಗೆಯ ಕಾಂಡವನ್ನು ಉಗುರಿನಿಂದ ಒಂದಿಷ್ಟು ಕೆರೆದು ನನಗೆ ತೋರಿಸಿದರು. ಸಿಪ್ಪೆಯ ಅಡಿಯಲ್ಲಿ ಹಸಿರು. “ನೋಡು, ಜೀವ ಒಳಗೆ ಕೂತದೆ. ಸುಮ್ನೆ ಬಿಡಬೇಕು, ಅಷ್ಟೇಯ.”

ಸುಮ್ಮನೆ ಬಿಡುವುದೊಂದನ್ನು ಬಿಟ್ಟು ಬೇರೇನನ್ನಾದರೂ ಹೇಳಿದ್ದರೆ ನಾನು ಮಾಡುತ್ತಿದ್ದೆ. ಒಳಗೆ ಅಕ್ಕನಿಗೆ ಅಷ್ಟೊಂದು ಆರೈಕೆ, ಹೊರಗೆ ಈ ಗಿಡಕ್ಕೆ ಒಂದು ಚಿಂದಿಯೂ ಇಲ್ಲ. ನನಗೆ ಅದು ಅನ್ಯಾಯವಾಗಿ ಕಂಡಿತು. ಸಂಜೆ ಅಮ್ಮ ದೀಪ ಹಚ್ಚುವ ಹೊತ್ತಿಗೆ ನಾನು ಬಚ್ಚಲ ಒಲೆಯಿಂದ ತಗಡಿನಲ್ಲಿ ಕೆಂಡ ತುಂಬಿಕೊಂಡೆ. ಮಲ್ಲಿಗೆಯ ಬುಡದ ಸುತ್ತ ಮಣ್ಣು ಕೆದಕಿ ಕೆಂಡ ಸುರಿದೆ. ಮೇಲೆ ಬೂದಿ, ಬೂದಿಯ ಮೇಲೆ ಮಣ್ಣು. ಅಕ್ಕನ ಕೋಣೆಯಿಂದ ಕದ್ದ ಸಾಂಬ್ರಾಣಿಯನ್ನೂ ಹಾಕಿದೆ. ಕಾಂಡಕ್ಕೆ ನನ್ನ ಹಳೆ ಲಂಗದ ತುಂಡು ಸುತ್ತಿದೆ. ಅಕ್ಕನ ತಲೆಗೆ ಕಟ್ಟಿದ್ದ ಹಾಗೆಯೇ. ಕೈಯಿಟ್ಟು ನೋಡಿದರೆ ಮಣ್ಣು ಬೆಚ್ಚಗಿತ್ತು. ನನ್ನಷ್ಟು ಸಂತೋಷ ಆ ಸಂಜೆ ಜಯನಗರದಲ್ಲಿ ಯಾರಿಗೂ ಇದ್ದಿರಲಾರದು. ಹೀಗೆ ಮೂರು ಸಂಜೆ ಮಾಡಿದೆ. ಬೆಳಗಾಗುವ ಮೊದಲೇ ಗಿಡಕ್ಕೆ ಸುತ್ತಿದ ಬಟ್ಟೆ ಬಿಚ್ಚಿಡುತ್ತಿದ್ದೆ, ಏಕೆಂದರೆ ಗಿಡ ಚಿಗುರಿದ ಮೇಲೆ ಒಂದೇ ಸಲ ಹೇಳಿ ಎಲ್ಲರನ್ನೂ ಬೆರಗುಗೊಳಿಸಬೇಕೆಂದಿತ್ತು.

ಸಂಕ್ರಾಂತಿ ಕಳೆಯಿತು. ಎಳ್ಳು ಬೀರಿ ಬಂದೆವು. ಶಿವರಾತ್ರಿಯ ಹೊತ್ತಿಗೆ ಬಿಸಿಲು ಬಲಿತು, ಮುನಿಯಮ್ಮನವರ ಮಾತು ಒಂದೊಂದಾಗಿ ನಿಜವಾಯಿತು. ಒಣಗಿದ ಬಾಳೆಯ ನಡುವಿನಿಂದ ಸುರುಳಿ ಸುತ್ತಿದ ಸುಳಿ ಮೇಲೆದ್ದಿತು. ಬೋಳಾಗಿದ್ದ ಕರಿಬೇವಿನ ಮೈತುಂಬ ಚಿಗುರು. ದಾಸವಾಳ ಅರ್ಧಕ್ಕೆ ಸತ್ತು ಅರ್ಧಕ್ಕೆ ಬದುಕಿತು. ವೀಳ್ಯದ ಬಳ್ಳಿಯ ಕೆಳಗಿನ ಗೆಣ್ಣಿನಲ್ಲಿ ಎರಡು ಎಲೆ ಕಂಡಾಗ ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಪರಂಗಿ ಒಂದು ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ. ಅಪ್ಪ ಒಣಗಿದ್ದನ್ನಷ್ಟೇ ಸವರಿ, “ಮುನಿಯಮ್ಮ ಹೇಳಿದ್ದೇ ಸರಿ” ಎಂದು ಒಪ್ಪಿಕೊಂಡರು. ಅದು ಅವರ ಬಾಯಲ್ಲಿ ದೊಡ್ಡ ಮಾತು.

ಮಲ್ಲಿಗೆ ಮಾತ್ರ ಬರಲಿಲ್ಲ.

ಮುನಿಯಮ್ಮನವರು ಬಂದಾಗಲೆಲ್ಲ ಕುಕ್ಕರಗಾಲಿನಲ್ಲಿ ಕೂತು ಕಾಂಡ ಕೆರೆಯುತ್ತಿದ್ದರು. ಮೇಲಿನ ಕೊಂಬೆಯಲ್ಲಿ ಕಂದು, ಅದರ ಕೆಳಗೆ ಕಂದು, ಬುಡದಲ್ಲೂ ಕಂದು. “ಎಲ್ಲಕ್ಕಿಂತ ಗಟ್ಟಿ ಇದೇಯ. ಮೊದಲು ಇದೇ ಬರಬೇಕಿತ್ತು,” ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ನನಗೆ ಆಗಲೇ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಚ್ಚಲ ಒಲೆಯ ಕೆಂಡ ಸಿಡಿದು ನನ್ನ ಕಾಲ ಮೇಲೆ ಬೊಬ್ಬೆ ಎದ್ದಿತ್ತು, ಆ ದಿನವೇ ಗಿಡಕ್ಕೇನಾಗಿರಬಹುದೆಂದು ಹೊಳೆದಿತ್ತು. ಯಾರೂ ಇಲ್ಲದಾಗ ಪಾತಿ ಕೆದಕಿ ಇದ್ದಿಲು ಆರಿಸಿ ಬೇಲಿಯಾಚೆ ಎಸೆದೆ. ಬೇರಿನ ನಡುವೆ ಸಿಕ್ಕಿಕೊಂಡಿದ್ದವು ಬರಲಿಲ್ಲ. ಹಾಗೇ ಮಣ್ಣು ಮುಚ್ಚಿದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅವರು ಅಮ್ಮನಿಗೆ ಹೇಳಿದರು: “ಈ ಮಣ್ಣಿಗೆ ನಾವು ಬೇಡವಾಗಿದ್ದೀವಿ ಕಣಮ್ಮಾ. ನೋಡಿ, ನಿಮ್ಮವೆಲ್ಲ ಬಂದ್ವು. ನಮ್ದು ಒಂದು ಬರ್ನಿಲ್ಲ.”

“ಹಾಗನ್ನಬೇಡ ಮುನಿಯಮ್ಮ,” ಎಂದರು ಅಮ್ಮ.

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮನೆಯಲ್ಲಿ ಹಸುಗೂಸು ಇದ್ದಾಗ ಕೆಂಡದೊಂದಿಗೆ ಆಡಿದ್ದೇನೆಂದು ತಿಳಿದರೆ ಅಪ್ಪ ಚರ್ಮ ಸುಲಿಯುತ್ತಿದ್ದರು ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ಮುನಿಯಮ್ಮನವರು ನನ್ನ ಮುಖವನ್ನು ಒಂದು ಸಲ ನೋಡಿಬಿಡುತ್ತಾರೆ ಎಂಬುದು.

ಹೊರಡುವ ಮುನ್ನ ಅವರು ನನ್ನನ್ನು ಕರೆದರು. “ಬೇರು ಕೀಳ್ಬೇಡಿ ಅಂತ ಅಪ್ಪಾರಿಗೆ ಹೇಳಿದ್ದೀನಿ. ಒಂದು ಮಳೆ ಬೀಳ್ಲಿ. ಏನಾದ್ರೂ ಬಂದ್ರೆ ನಂಗೆ ಹೇಳ್ತೀಯಾ ಮಗಾ?”

“ಹೇಳ್ತೀನಿ,” ಎಂದೆ.

ಮಳೆ ಬಿತ್ತು. ಒಂದಲ್ಲ, ಮೂರು ಬಿದ್ದವು. ಮೂರನೆಯ ಮಳೆಯ ಮರುದಿನ ಬೆಳಿಗ್ಗೆ ಒಣಗಿದ ಕಾಂಡದ ಪಕ್ಕದಲ್ಲಿ, ಮಣ್ಣು ಸೀಳಿಕೊಂಡು, ಅಕ್ಕಿಕಾಳಿನಷ್ಟು ದಪ್ಪದ ಒಂದು ಚಿಗುರು ನಿಂತಿತ್ತು. ನಾನು ಕುಣಿದಾಡಬೇಕಿತ್ತು. ಅದರ ಬದಲು ಯಾರಾದರೂ ನೋಡಿದರೇ ಎಂದು ಹಿಂತಿರುಗಿ ನೋಡಿದೆ. ಅವರು ಬಂದರೆ ಖುಷಿಯಿಂದ ಪಾತಿ ಬಿಡಿಸುತ್ತಾರೆ. ಬಿಡಿಸಿದರೆ ಇದ್ದಿಲು ಸಿಗುತ್ತದೆ. ಅವರ ಕೈಗೆ ಯಾವ ಗಿಡದಡಿ ಏನಿರಬೇಕು, ಏನಿರಬಾರದು ಎಂಬುದು ಗೊತ್ತು. ಇದ್ದಿಲನ್ನು ಪೂರಾ ತೆಗೆದ ಮೇಲೆ ಹೇಳಿದರಾಯಿತು ಎಂದುಕೊಂಡು ಅಂಚು ಒಡೆದ ಒಂದು ಮಣ್ಣಿನ ಕುಂಡವನ್ನು ಚಿಗುರಿನ ಮೇಲೆ ಕವುಚಿದೆ.

ಅದೇ ದಿನ ಮಧ್ಯಾಹ್ನ ಮುನಿಯಮ್ಮನವರು ಬಂದರು. ಕಂಕುಳಲ್ಲಿ ಬಟ್ಟೆ ಗಂಟು. ತಂಗಿಯ ಮನೆಗೆ ಹೊರಟಿದ್ದರು, ಇರುವುದಕ್ಕೇ. ಮಗುವಿನ ನೆತ್ತಿ ಮೂಸಿ, ಅಕ್ಕನ ಕೆನ್ನೆ ಸವರಿ, ಹಿತ್ತಲಿಗೆ ಬಂದರು. ನಾನು ಕುಂಡದ ಮುಂದೆ ನಿಂತಿದ್ದೆ.

“ಬಂತಾ ಮಗಾ?”

“ಇಲ್ಲ,” ಎಂದೆ.

ಅವರು ಒಂದು ಗಳಿಗೆ ಒಣಕಡ್ಡಿಗಳನ್ನು ನೋಡಿದರು. ಆಮೇಲೆ ನನ್ನ ಗಲ್ಲ ಹಿಡಿದೆತ್ತಿದರು. “ಅಯ್ಯೋ, ನೀನ್ಯಾಕೆ ಮೊಕ ಸಣ್ಣದ್ ಮಾಡ್ಕೊಂಡೆ? ಚಳಿ ತಿಂದೋಯ್ತು, ನೀನೇನ್ ಮಾಡ್ತೀಯಾ?” ಎಂದು ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಒಂದು ಹಿಡಿ ಹುರಿಗಡಲೆ ಸುರಿದರು. ನನ್ನನ್ನು ಸಮಾಧಾನ ಮಾಡಿ ಅವರು ಹೋದರು. ಅವರು ಬೀದಿಯ ತಿರುವು ದಾಟುವ ತನಕ ನಾನು ಆ ಹುರಿಗಡಲೆಯನ್ನು ತಿನ್ನಲೂ ಇಲ್ಲ, ಕೂಗಲೂ ಇಲ್ಲ.

ಚಿಗುರು ಸಾಯಲಿಲ್ಲ. ಮರುದಿನ ಕುಂಡ ಎತ್ತಿದರೆ ಹಳದಿಗೆ ತಿರುಗಿತ್ತು, ನಾಲ್ಕು ದಿನದ ಬಿಸಿಲಿಗೆ ಹಸಿರಾಯಿತು. ವಾರದೊಳಗೆ ಅಮ್ಮನ ಕಣ್ಣಿಗೆ ಬಿತ್ತು. “ಅಯ್ಯೋ ದೇವರೇ, ಮುನಿಯಮ್ಮಂಗೆ ಹೇಳ್ಕಳಿಸ್ಬೇಕು ಕಣ್ರೀ!” ಎಂದು ಅಪ್ಪನ ಹಿಂದೆ ಬಿದ್ದರು. ಸುಬ್ರಹ್ಮಣ್ಯಪುರ ಆಗ ದೂರದ ಹಳ್ಳಿ. ಆ ಕಡೆಯಿಂದ ಹಾಲು ತರುವವನೊಬ್ಬನ ಕೈಲಿ ಹೇಳಿಕಳಿಸಿದರು. ಎರಡು ದಿನ ಬಿಟ್ಟು ಅವನು ಉತ್ತರ ತಂದ. ಹಾಲು ಅಳೆಯುತ್ತಲೇ ಹೇಳಿದ.

“ಅಜ್ಜಿ ಹೇಳ್ತು, ನಾನಿದ್ದಾಗ ಬರ್ನಿಲ್ಲ, ನಾ ಹೋದ್ಮೇಲೆ ಬಂತಲ್ಲ, ಅಂದ್ಮೇಲೆ ಅದು ನಿಮ್ಮದೇಯ ಅಂತ. ಪದ್ದಮ್ಮ ಮುಡ್ಕೊಳ್ಲಿ ಅಂತು.”

ಪದ್ದಮ್ಮ ಅಂದರೆ ನಾನು. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ತಂಗಿಯ ನೆಲದಲ್ಲಿ ಹೂವನ್ನೂ ಹಾಕಲಿಲ್ಲವಂತೆ, ಸೊಪ್ಪು ಬೆಳೆದರಂತೆ. ಎಲ್ಲವನ್ನೂ ಹೇಳಿಬಿಡುತ್ತೇನೆಂದು ಕಾಲೇಜಿಗೆ ಸೇರಿದ ವರ್ಷ ನಾನು ಅಲ್ಲಿಗೆ ಹೋದೆ. ಅವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಆ ಹಿತ್ತಲಿನ ಮೇಲೆ ಈಗ ನಾಲ್ಕು ಅಂತಸ್ತು ನಿಂತಿದೆ. ರಾಗಿ ಹೊಲ ಎಲ್ಲಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ಅಂಥ ಚಳಿಯೂ ಇಲ್ಲ. ಕೊಬ್ಬರಿ ಎಣ್ಣೆ ವರ್ಷವಿಡೀ ನೀರಿನ ಹಾಗೆ ಇರುತ್ತದೆ, ಅವರೆಕಾಯಿಗೆ ಮೂಗು ಹತ್ತಿರ ಒಯ್ದರೂ ಸೊಗಡಿಲ್ಲ. ಕಾದರೆ ಬರುತ್ತದೆ ಎಂದು ಅಪ್ಪನ ಮಚ್ಚಿಗೆ ಅಡ್ಡ ನಿಲ್ಲುವವರೂ ಇಲ್ಲ. ಉಳಿದಿರುವುದು ಆ ಮಲ್ಲಿಗೆಯೊಂದೇ. ಮನೆ ಕೆಡವುವ ಮೊದಲು, ಅವರು ಹೇಳಿಕೊಟ್ಟ ಹಾಗೆ ಕೊಂಬೆ ಬಗ್ಗಿಸಿ ಮಣ್ಣಿಗೆ ಒತ್ತಿ ಬೇರು ಬರಿಸಿ ತಂದೆ. ಜೆ.ಪಿ. ನಗರದ ನನ್ನ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕುಂಡದಲ್ಲಿದೆ. ಬೇಸಿಗೆ ಬಂತೆಂದರೆ ಮೊಗೆದು ಸುರಿದ ಹಾಗೆ ಹೂ ಬಿಡುತ್ತದೆ. ಕಟ್ಟಿ ಅಕ್ಕಪಕ್ಕದವರಿಗೆಲ್ಲ ಕೊಡುತ್ತೇನೆ.

ಮೊನ್ನೆ ಎದುರು ಮನೆಯ ಹುಡುಗಿ ಹೂವಿಗೆ ಬಂದಿದ್ದಳು. ಗಿಡದ ಮುಂದೆ ನಿಂತು, “ಎಷ್ಟೊಂದು ಬಿಟ್ಟಿದೆ! ಆಂಟಿ, ನೀವು ಮುಡ್ಕೊಂಡಿದ್ದು ನಾನು ನೋಡೇ ಇಲ್ವಲ್ಲ, ಯಾಕೆ?” ಎಂದಳು.

“ನಂಗೆ ಆಗಲ್ಲ ಕಣಮ್ಮ, ತಲೆನೋವು ಬರುತ್ತೆ,” ಎಂದೆ.

ಆ ಗಿಡದ ಮುಂದೆ ನಿಂತು ನಾನು ಹೇಳಿದ ಎರಡನೆಯ ಸುಳ್ಳು ಅದು.